ತರಗತಿಯಲ್ಲಿ ಜಾತಿ, ಭಾಷೆ, ಕಸುಬು: ಮಗುವನ್ನು ಎದ್ದು ನಿಲ್ಲಿಸದೆ ಪಾಠ ಮಾಡುವುದು ಹೇಗೆ

ಶಾಲೆ ಶುರುವಾದ ಮೊದಲ ವಾರಗಳಲ್ಲಿ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಒಂದು ಕೂಗು ಕೇಳಿಸುತ್ತದೆ: "ಎಸ್‌ಸಿ, ಎಸ್‌ಟಿ ಮಕ್ಕಳೆಲ್ಲ ಎದ್ದು ನಿಂತ್ಕೊಳ್ರೋ, ಸ್ಕಾಲರ್‌ಶಿಪ್ಪಿಗೆ ಆರ್‌ಡಿ ನಂಬರ್ ಬೇಕು." ಆರ್‌ಡಿ ನಂಬರ್ ಎಂದರೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಸಂಖ್ಯೆ. ನಾನೂ ಎಂಟು ವರ್ಷ ಹೀಗೇ ಕೂಗಿದ್ದೇನೆ. ಅವಸರ, ಕೊನೆಯ ದಿನಾಂಕ, ಆನ್‌ಲೈನ್ ತಲೆನೋವು, ಏನೋ ಒಂದು ನೆಪ. ಆಮೇಲೆ ದಸರಾ ರಜೆ ಮುಗಿದ ಮೇಲೆ ಅದೇ ಕೋಣೆಯಲ್ಲಿ ನಿಂತು ಹತ್ತನೇ ತರಗತಿಗೆ ಸಾಮಾಜಿಕ ಸ್ತರವಿನ್ಯಾಸದ, ಅಂದರೆ ಸಮಾಜದ ಮೇಲು ಕೀಳಿನ ಪದರಗಳ ಪಾಠ. ಅಸ್ಪೃಶ್ಯತೆ ಒಂದು ಪಿಡುಗು, ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ, ಬರೆದುಕೊಳ್ಳಿ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಜೂನ್‌ನಲ್ಲಿ ಎದ್ದು ನಿಂತವರೂ, ಕೂತು ಅವರನ್ನು ತಿರುಗಿ ನೋಡಿದವರೂ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಮತ್ತು ಚಿಂತಾಮಣಿ ನಡುವಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹದಿನೇಳು ವರ್ಷವಾಯಿತು. ಈ ಸಲದ ಒಂಬತ್ತನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತೆಲುಗು, ಉಳಿದವರಲ್ಲಿ ಕನ್ನಡ, ಉರ್ದು, ಒಂದೆರಡು ಮನೆ ತಮಿಳು. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಇಬ್ಬರಿದ್ದಾರೆ. ಅವರ ಕನ್ನಡಕ್ಕೆ ನಮ್ಮ ತೆಲುಗು ಮಕ್ಕಳು ನಗುತ್ತಾರೆ, ಅದೊಂದು ತಮಾಷೆ. ಇಂಥ ಕೋಣೆಯಲ್ಲಿ ನಮ್ಮ ನಮ್ಮ ಸಮುದಾಯಗಳ ಬಗ್ಗೆ ಪಾಠ ಮಾಡಬೇಕೆನ್ನುವ ಹೊಸ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಈ ಬರಹ. ಅರ್ಧ ಭಾಗ ನನ್ನ ತಪ್ಪುಗಳದ್ದೇ.

ಅಮೆರಿಕದಲ್ಲಿ ಇದಕ್ಕೆ ಎಥ್ನಿಕ್ ಸ್ಟಡೀಸ್ ಎಂದು ಪ್ರತ್ಯೇಕ ವಿಷಯವೇ ಇದೆ. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು, ಏಷ್ಯನ್, ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು, ಮೂಲನಿವಾಸಿ ವಿದ್ಯಾರ್ಥಿಗಳು "ನಮ್ಮ ಜನರ ಚರಿತ್ರೆ ಪಠ್ಯದಲ್ಲಿ ಎಲ್ಲಿದೆ" ಎಂದು ಮುಷ್ಕರ ಹೂಡಿದರು. ಮುಂದಿನ ಮಾರ್ಚ್‌ವರೆಗೂ ಬಿಡಲಿಲ್ಲ. 1969ರಲ್ಲಿ ಅದಕ್ಕೆಂದೇ ಒಂದು ವಿಭಾಗ ತೆರೆಯಿತು. 2021ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಹೈಸ್ಕೂಲಿಗೂ ತರುವ ಕಾನೂನು ಮಾಡಿತು. ನಮ್ಮಲ್ಲಿ ಆ ಹೆಸರಿನ ಪೀರಿಯಡ್ಡಿಲ್ಲ. ಸಮಾಜಶಾಸ್ತ್ರದ ನಾಲ್ಕಾರು ಪಾಠ, ಚರಿತ್ರೆಯ ಕೆಲವು ಪುಟ, ಆಮೇಲೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ. ಈ ಕೊನೆಯದೇ ನಮಗೆ ಸಿಗುವ ಕಿಂಡಿ. ಚಾರ್ಟ್ ಪೇಪರಿನ ಮೇಲೆ ರಾಜ್ಯದ ನಕ್ಷೆ ಬರೆಸಿ ಗೋಡೆಗೆ ಅಂಟಿಸುವ ಬದಲು ಆ ಜಾಗವನ್ನು ಇದಕ್ಕೆ ಬಳಸಿ.

ಮೊದಲು, ಆ ಜೂನ್ ಕೂಗನ್ನು ನಿಲ್ಲಿಸಿ. ಒಂದು ಮುಚ್ಚಿದ ಡಬ್ಬಿ ಇಡಿ, ಎಲ್ಲ ಮಕ್ಕಳೂ ಅರ್ಜಿಯ ಲಕೋಟೆಯನ್ನು ಅದಕ್ಕೆ ಹಾಕಲಿ, ಬೇಕಿಲ್ಲದವರು ಖಾಲಿ ಲಕೋಟೆ ಹಾಕಲಿ. ತಂದೆತಾಯಿಗೆ ಫೋನ್ ಮಾಡಿ. ಒಂದು ದಿನದ ಕೆಲಸ ಮೂರು ದಿನವಾಗುತ್ತದೆ, ಆಗಲಿ. ಇದನ್ನು ಮಾಡದೆ ಮುಂದಿನದ್ಯಾವುದಕ್ಕೂ ಕೈ ಹಾಕಬೇಡಿ.

ನನ್ನ ಕೆಟ್ಟ ಪಾಠ

ಆಗಿನ್ನೂ ಬೇರೆ ಶಾಲೆಯಲ್ಲಿದ್ದೆ. ರಾಜ್ಯೋತ್ಸವಕ್ಕೆ "ನಮ್ಮೂರ ಕಲೆಗಳು" ಎಂದು ಕಾರ್ಯಕ್ರಮ ಹಾಕಿಕೊಂಡೆವು. ಎಂಟನೇ ತರಗತಿಯ ಒಬ್ಬ ಹುಡುಗನನ್ನು ಎಲ್ಲರ ಮುಂದೆ ಕೇಳಿದೆ: "ನಿಮ್ಮ ತಾತ ತಮಟೆ ಬಾರಿಸ್ತಾರಲ್ವೇನೋ? ಕರ್ಕೊಂಡು ಬಾ. ನೀನೂ ಬಾರ್ಸು." ನನ್ನ ಲೆಕ್ಕದಲ್ಲಿ ಅದು ಗೌರವ. ಹುಡುಗ ತಲೆಯಾಡಿಸಿದ. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಐದನೆಯ ದಿನ ತಾತನೇ ಬಂದರು. ವರಾಂಡದ ಹೊರಗೇ ನಿಂತಿದ್ದರು, ಒಳಗೆ ಕರೆದರೂ ಬರಲಿಲ್ಲ.

"ಸಾವಿನ ಮನೆ ಮುಂದೆ ಬಾರ್ಸಿ ಬಾರ್ಸಿ ನನ್ ಕೈ ಸವೆದೋಯ್ತಮ್ಮ. ಬಿಟ್ಟು ಹತ್ತು ವರ್ಸ ಆಯ್ತು. ಇವನ ಕೈಗೆ ನೀವು ಪುಸ್ತಕ ಕೊಡ್ತೀರ ಅಂತ ಕಳ್ಸಿದ್ದು."

ನನಗೆ ಉತ್ತರ ಇರಲಿಲ್ಲ. ಈಗಲೂ ಅದಕ್ಕೆ ಸರಿಯಾದ ಉತ್ತರವಿದೆ ಎಂದು ಅನ್ನಿಸುವುದಿಲ್ಲ. ಏಕೆಂದರೆ ನಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಅದೇ ತಮಟೆಯನ್ನು ಜೀವನವಿಡೀ ನುಡಿಸಿ, ಕಿರಿಯರಿಗೆ ಕಲಿಸಿ, 2023ರಲ್ಲಿ ಪದ್ಮಶ್ರೀ ಪಡೆದರು. ಒಬ್ಬರಿಗೆ ಅದು ಕಲೆ, ಇನ್ನೊಬ್ಬರಿಗೆ ಇಳಿಸಿಹಾಕಿದ ಹೊರೆ. ಎರಡೂ ನಿಜ. ಈಗ ಹತ್ತನೇ ತರಗತಿಯಲ್ಲಿ ನಾನು ಇವೆರಡನ್ನೂ ಬೋರ್ಡಿನ ಎರಡು ಬದಿಗೆ ಬರೆಯುತ್ತೇನೆ, ಹೆಸರು ಹೇಳದೆ "ಒಬ್ಬ ತಾತ" ಎಂದು ಹೇಳಿ. "ತಮಟೆ ಬಾರಿಸುವುದು ಯಾವಾಗ ಕಲೆ, ಯಾವಾಗ ಬಿಟ್ಟಿ ಚಾಕರಿ?" ಎಂದು ಕೇಳುತ್ತೇನೆ. ಮಕ್ಕಳು ಹೇಳುವ ಉತ್ತರ ಹೆಚ್ಚು ಕಡಿಮೆ ಪ್ರತಿವರ್ಷ ಒಂದೇ: ಬೇಡ ಅನ್ನಲು ಆಗುವಾಗ ಕಲೆ. ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಬಿ.ಇಡಿ. ಓದುವಾಗ ಕೇಳಿರಲಿಲ್ಲ.

ಬೇಡ ಅನ್ನುವ ಹಕ್ಕಿನ ಬಗ್ಗೆ ಇನ್ನೊಂದು ಪಾಠ ನನಗೆ 2025ರಲ್ಲಿ ಆಯಿತು. ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮನ್ನೇ ಕಳಿಸಿದರಲ್ಲ, ದಸರಾ ರಜೆಯಲ್ಲಿ ಮೊಬೈಲು ಹಿಡಿದು ಮನೆ ಮನೆ ತಿರುಗಿದೆವು. ಅರವತ್ತು ಪ್ರಶ್ನೆ. ಶುರುವಾಗಿ ಮೂರು ದಿನಕ್ಕೆ ಹೈಕೋರ್ಟ್ ಹೇಳಿತು: ಮಾಹಿತಿ ಕೊಡುವುದು ಜನರ ಇಚ್ಛೆ, ಬಲವಂತ ಕೂಡದು. ಜಾತಿಯ ಪ್ರಶ್ನೆ ಬಂದಾಗ ಕೆಲವರು ದನಿ ತಗ್ಗಿಸುತ್ತಿದ್ದರು, ಕೆಲವರು ಏರಿಸುತ್ತಿದ್ದರು. ಒಬ್ಬ ಅಜ್ಜಿ "ಏದಿ ರಾಸ್ತೇ ಮಂಚಿದೋ ನುವ್ವೇ ರಾಯಮ್ಮಾ" ಅಂದರು, ಯಾವುದು ಬರೆದರೆ ಒಳ್ಳೆಯದೋ ನೀನೇ ಬರಿಯಮ್ಮ ಅಂತ. ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲ ಮುಂದೆ ನಿಂತಾಗ ಅನ್ನಿಸಿತು, ದೊಡ್ಡವರಿಗೆ ಹಾಕಿಕೊಳ್ಳಲು ಬಾಗಿಲಿದೆ. ಮೂರನೇ ಬೆಂಚಿನಲ್ಲಿ ಕೂತ ಹದಿನಾಲ್ಕರ ಹುಡುಗಿಗೆ ಎಲ್ಲಿದೆ?

ಹಾಗಾಗಿ ನನ್ನ ಕ್ರಮ ಇಷ್ಟೇ: ಮಗು ಯಾರು ಎಂದು ಕೇಳುವುದಿಲ್ಲ. ವಸ್ತು ಯಾವುದು, ಪದ ಯಾವುದು, ಕೆಲಸ ಯಾವುದು ಎಂದು ಕೇಳುತ್ತೇನೆ. ತನ್ನದನ್ನು ಹೇಳಬೇಕು ಅನ್ನಿಸಿದ ಮಗು ತಾನೇ ಹೇಳುತ್ತದೆ. ವಂಶವೃಕ್ಷ ಬರೆಸಬೇಡಿ. "ಭಾನುವಾರ ನಿಮ್ಮನೇಲಿ ಏನು ಅಡುಗೆ" ಎಂದು ಕೇಳಬೇಡಿ. ಸುಳ್ಳು ಹೇಳುವುದನ್ನು ಕಲಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಊಟದ ಬಗ್ಗೆ ಪಾಠ ಮಾಡಲೇಬೇಕೆಂದರೆ ರಾಗಿಯಿಂದ ಶುರು ಮಾಡಿ. ಮುದ್ದೆ, ತೆಲುಗಿನವರ ಸಂಗಟಿ, ಜೊತೆಗೆ ಬಸ್ಸಾರು. ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೋ ಹೋಗಲಿ.

ಪದದಿಂದ ಶುರು

ಮೊದಲ ಪಾಠಕ್ಕೆ ಪದಗಳೇ ಕ್ಷೇಮ. ಬೋರ್ಡಿನ ಮೇಲೆ "ಬದನೆಕಾಯಿ" ಎಂದು ಬರೆಯಿರಿ. ವಂಕಾಯ ಎಂದು ಒಂದು ಕಡೆಯಿಂದ ಬರುತ್ತದೆ, ಬೈಂಗನ್ ಎಂದು ಇನ್ನೊಂದು ಕಡೆಯಿಂದ, ಕತ್ತರಿಕ್ಕಾಯ್ ಎಂದು ಮೆಲ್ಲನೆ. ಹತ್ತು ಪದ ಆಗುವಷ್ಟರಲ್ಲಿ ಇಡೀ ತರಗತಿ ಕಿರುಚುತ್ತಿರುತ್ತದೆ. ಪಕ್ಕದ ಗಣಿತದ ಮೇಷ್ಟ್ರು ಬಂದು ನೋಡಿ ಹೋಗುತ್ತಾರೆ. ಆಮೇಲೆ "ರೇಷ್ಮೆ" ಬರೆಯಿರಿ. ಹುಳು ಸಾಕುವ ಮನೆಯ ಮಕ್ಕಳು, ಇದು ನಮ್ಮದೇ ಪದ ಎಂದುಕೊಂಡಿರುತ್ತಾರೆ. ಅದು ಪಾರಸಿಯ ರೇಶಮ್. "ತಾಲ್ಲೂಕು" ಅರಬ್ಬಿಯದು, "ಜಮೀನು", "ದರಖಾಸ್ತು" ಪಾರಸಿಯವು, "ವಕೀಲ" ಅರಬ್ಬಿಯದು. ಕೊನೆಗೆ "ರೈತ" ಬರೆದು, ಇದೂ ಅರಬ್ಬಿಯಿಂದ ಬಂದದ್ದು ಎಂದಾಗ ಹೋದ ವರ್ಷ ಒಬ್ಬ ಹುಡುಗ ಎದ್ದು "ಹಂಗಾದ್ರೆ ಅದಕ್ಕಿಂತ ಮುಂಚೆ ನಮ್ಮನ್ನ ಏನಂತ ಕರೀತಿದ್ರು ಮಿಸ್?" ಅಂದ. ಒಕ್ಕಲು, ಬೇಸಾಯಗಾರ ಎಂದು ಹುಡುಕಿಕೊಂಡು ಬಂದರು. ಉರ್ದು ಮನೆಮಾತಿನ ಇಬ್ಬರು ಹುಡುಗಿಯರು ಆ ದಿನ ಮೊದಲ ಬೆಂಚಿಗೆ ಬಂದು ಕೂತರು. ನಾನು ಅದರ ಬಗ್ಗೆ ಏನೂ ಮಾತಾಡಲಿಲ್ಲ. ನೀವೂ ಇಂಥದ್ದನ್ನು ಗಮನಿಸಿ, ಸುಮ್ಮನಿರಿ.

ಮನೆಯಲ್ಲಿ ತೆಲುಗು ಆಡುವವರಿಗೆ ತಾವು ಅರ್ಧ ಕನ್ನಡಿಗರು ಎಂಬ ಅಳುಕು ಇರುತ್ತದೆ. ನನಗೂ ಇತ್ತು, ನಮ್ಮ ಮನೆಯಲ್ಲಿ ಈಗಲೂ ಅಮ್ಮನ ಹತ್ತಿರ ತೆಲುಗೇ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಕೈವಾರದ ಸಂತಕವಿ ತಾತಯ್ಯನವರು ಬಳೆ ಮಾರುತ್ತಾ ತಿರುಗಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಇಷ್ಟು ಹೇಳಿದರೆ ಸಾಕು, ಭಾಷಣ ಬೇಡ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯದ ಬಗ್ಗೆ ಸಂವಿಧಾನದ 350ಎ ವಿಧಿ ಮಾತಾಡುತ್ತದೆ ಎಂಬುದನ್ನು ಹತ್ತನೇ ತರಗತಿಗೆ ಸೇರಿಸಬಹುದು.

ಒಂದು ಎಳೆಯ ಹಿಂದೆ

ನಾನು ಹೆಚ್ಚು ದಿನ ತೆಗೆದುಕೊಳ್ಳುವುದು ರೇಷ್ಮೆಯ ಪಾಠಕ್ಕೆ, ಸುಮಾರು ಆರು ಪೀರಿಯಡ್. ನಮ್ಮೂರಿಗೆ ರೇಷ್ಮೆ. ನೀವು ಶ್ರೀನಿವಾಸಪುರದವರಾದರೆ ಮಾವು, ಕೋಲಾರದವರಾದರೆ ಟೊಮೆಟೊ, ಕೆಜಿಎಫ್‌ನವರಾದರೆ ಚಿನ್ನದ ಗಣಿ ಹಿಡಿಯಿರಿ. ಹಲವು ಕೈ ದಾಟುವ ವಸ್ತು ಆಗಬೇಕು, ಅಷ್ಟೇ.

ಒಂದು ಉದ್ದನೆಯ ಹಗ್ಗ ತೆಗೆದುಕೊಂಡು ಬಾಗಿಲಿನಿಂದ ಕಿಟಕಿಯವರೆಗೆ ಕಟ್ಟಿ. ಒಂದು ತುದಿಗೆ ಹಿಪ್ಪುನೇರಳೆ ಸೊಪ್ಪು, ಇನ್ನೊಂದು ತುದಿಗೆ ಸೀರೆಯ ಚಿತ್ರ. ನಡುವಿನದನ್ನು ಮಕ್ಕಳೇ ಚೀಟಿ ಬರೆದು ನೇತುಹಾಕಲಿ. ತೋಟದ ಒಡೆಯ, ಸೊಪ್ಪು ಕೊಯ್ಯುವವರು, ಚಾಕಿ (ಎಳೆಯ ಹುಳು) ಸಾಕುವವರು, ಹುಳು ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುವವರು (ಹೆಚ್ಚಾಗಿ ಅಮ್ಮಂದಿರು), ನಾಲ್ಕು ಜ್ವರ (ಹುಳು ಪೊರೆ ಕಳಚುವ ಹಂತ) ಮುಗಿದ ಮೇಲೆ ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವವರು, ಗೂಡು ಬಿಡಿಸುವವರು, ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಸಾಗಿಸುವ ಟೆಂಪೋದವರು, ಹರಾಜಿನಲ್ಲಿ ಗೂಡು ಕೊಂಡು ನೂಲು ಬಿಚ್ಚಿಸುವ ರೀಲರುಗಳು, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ತೆಗೆಯುವ ಹೆಂಗಸರು, ಹುರಿ ಹಾಕುವವರು, ನೇಯುವವರು. ಸತ್ತ ಹುಳುವನ್ನು ಕೊಳ್ಳುವವರನ್ನೂ ಬಿಡಬೇಡಿ, ಅದನ್ನು ನೆನಪಿಸಿದ್ದು ಒಬ್ಬ ಹುಡುಗಿ, ಅವಳ ಮಾವನದ್ದು ಅದೇ ವ್ಯಾಪಾರ. ಹಗ್ಗದ ಮೇಲೆ ಇಪ್ಪತ್ತರ ಮೇಲೆ ಚೀಟಿ ಆಗುತ್ತವೆ.

ಎರಡನೆಯ ದಿನ ಪ್ರತಿ ಚೀಟಿಯ ಕೆಳಗೆ ಮೂರು ಪ್ರಶ್ನೆಗೆ ಉತ್ತರ: ಈ ಕೆಲಸಕ್ಕೆ ಜಮೀನು ಬೇಕೇ? ದಿನಕ್ಕೆ ಎಷ್ಟು ಕೂಲಿ? ನಷ್ಟವಾದರೆ ಯಾರ ತಲೆಗೆ? ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ ಕೇಳಿಕೊಂಡು ಬರುತ್ತಾರೆ. ಇಲ್ಲಿಯವರೆಗೂ ಜಾತಿ ಎಂಬ ಪದವನ್ನು ನಾನು ಎತ್ತಿರುವುದಿಲ್ಲ.

ಮೂರನೆಯ ದಿನ ಅದು ತಾನಾಗಿ ಬರುತ್ತದೆ. "ಮಿಸ್, ತೋಟ ಎಲ್ಲ ಅವರದ್ದೇ, ಸೊಪ್ಪು ಕೊಯ್ಯೋಕೆ ಹೋಗೋದು ಎಲ್ಲ ಕಾಲೋನಿಯವರು." "ನೂಲು ಬಿಚ್ಚೋದು ಜಾಸ್ತಿ ಸಾಬ್ರು ಮಿಸ್." ಈ ಘಳಿಗೆಯಲ್ಲೇ ಪಾಠ ಕೆಡುವುದೂ ಉಂಟು. ಇವರದ್ದು ಈ ಕೆಲಸ, ಅವರದ್ದು ಆ ಕೆಲಸ, ಎಲ್ಲರೂ ಸೇರಿ ಸೀರೆ, ಎಷ್ಟು ಚೆಂದ ಎಂದು ಮುಗಿಸಿದಿರೋ, ನೀವು ಕಲಿಸಿದ್ದು ಹಳೆಯ ಕಾಲದ ಕುಲಕಸುಬಿನ ಪಾಠವನ್ನೇ. ನಾನು ಒಂದು ಸಲ ಹಾಗೇ ಮುಗಿಸಿದ್ದೆ, ಚಪ್ಪಾಳೆಯೂ ಬಿತ್ತು. ಈಗ ಕೇಳುವ ಪ್ರಶ್ನೆ: "ಅವರಿಗೇ ಯಾಕೆ ಈ ಕೆಲಸ ಬಂತು?" ಉತ್ತರ ರಕ್ತದಲ್ಲಿ ಸಿಗುವುದಿಲ್ಲ, ಪಹಣಿಯಲ್ಲಿ ಸಿಗುತ್ತದೆ. ಯಾರಿಗೆ ಜಮೀನಿತ್ತು, ಯಾರು ಜೀತಕ್ಕಿದ್ದರು, 1976ರಲ್ಲಿ ಜೀತ ರದ್ದತಿ ಕಾನೂನು ಯಾಕೆ ಬೇಕಾಯಿತು, ದಲಿತರಿಗೆ ಮಂಜೂರಾದ ಜಮೀನು ಕೈ ತಪ್ಪಬಾರದೆಂದು 1978ರಲ್ಲಿ ರಾಜ್ಯ ಪಿಟಿಸಿಎಲ್ ಕಾಯ್ದೆ ಯಾಕೆ ತಂದಿತು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಒತ್ತು ಕೊಟ್ಟದ್ದನ್ನೂ ಇಲ್ಲೇ ಹೇಳುತ್ತೇನೆ.

ಆಮೇಲೆ ಒಂದು ಪ್ರಶ್ನೆ ಹಾಕಿ: ಈ ಹಗ್ಗದ ಮೇಲೆ ಯಾರಾದರೂ ಚೀಟಿ ಬದಲಿಸಿದ್ದಾರೆಯೇ? ಸೊಪ್ಪು ಕೊಯ್ಯುತ್ತಿದ್ದವರು ತೋಟ ಗುತ್ತಿಗೆ ಹಿಡಿದದ್ದು, ರೀಲರ್ ಮಗಳು ನರ್ಸಿಂಗ್ ಓದಿದ್ದು, ಜಮೀನಿದ್ದವರು ಬೋರ್‌ವೆಲ್ ಬತ್ತಿ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದು. ಮಕ್ಕಳಿಗೆ ಇಂಥವು ಚೆನ್ನಾಗಿ ಗೊತ್ತು.

ನಿಮ್ಮದನ್ನು ಮೊದಲು ಹೇಳಿ

ಮಕ್ಕಳು ಮಾತಾಡಬೇಕೆಂದರೆ ಮೇಜಿನ ಈಚೆಯವರು ಮೊದಲು ಏನಾದರೂ ಕಳೆದುಕೊಳ್ಳಬೇಕು. ನಾನು ಹುಟ್ಟಿದ್ದು ಜಮೀನಿದ್ದ ಮನೆಯಲ್ಲಿ. ಕೂಲಿಗೆ ಬರುವವರಿಗೆಂದು ಒಂದು ಸೊಟ್ಟ ಅಲ್ಯೂಮಿನಿಯಂ ಲೋಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಏಳೆಂಟು ವರ್ಷದ ನಾನು ನಮ್ಮಜ್ಜಿಯ ವಯಸ್ಸಿನವರಿಗೆ ಮೇಲಿನಿಂದ ನೀರು ಸುರಿಯುತ್ತಿದ್ದೆ, ಒಂದು ಹನಿಯೂ ಕೈಗೆ ತಾಗದ ಹಾಗೆ. ಅದರಲ್ಲಿ ನಾನು ಜಾಣೆ ಎಂದು ಹೊಗಳಿಸಿಕೊಂಡಿದ್ದೇನೆ. ಇದನ್ನು ಹತ್ತನೇ ತರಗತಿಗೆ ಹೇಳುತ್ತೇನೆ, ಅಳದೆ, ಕ್ಷಮೆಯ ನಾಟಕ ಮಾಡದೆ. ಹೇಳಿ ಎರಡು ನಿಮಿಷ ಬಿಟ್ಟು ಪುಸ್ತಕದ 17ನೇ ವಿಧಿ ತೆರೆಸುತ್ತೇನೆ. "ಮಿಸ್, ಆ ಲೋಟ ಈಗೆಲ್ಲಿದೆ?" ಎಂದು ಒಬ್ಬಳು ಕೇಳಿದ್ದಳು. ಅಮ್ಮನನ್ನು ಕೇಳಿದೆ. ನಾಯಿಗೆ ನೀರು ಇಡಲು ಬಳಸಿ ತೂತಾಯಿತಂತೆ.

ನೀವು ದಲಿತ ಶಿಕ್ಷಕರಾಗಿದ್ದರೆ ನಿಮ್ಮ ಲೆಕ್ಕ ಬೇರೆ, ಎಷ್ಟು ಹೇಳಬೇಕೆಂಬುದು ಪೂರ್ತಿ ನಿಮ್ಮದು. ನನ್ನ ಸಹೋದ್ಯೋಗಿಯೊಬ್ಬರು ಏನೂ ಹೇಳುವುದಿಲ್ಲ, ಅವರ ಪಾಠ ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಕಷ್ಟದ ಚರಿತ್ರೆಗೆ ಆತುರ ಬೇಡ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯ ಮಾರ್ಚ್ 11ರಂದು ಏಳು ದಲಿತರನ್ನು ಜೀವಂತ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ, ನಮ್ಮ ಜಿಲ್ಲೆ ಆದದ್ದು 2007ರಲ್ಲಿ. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಊರು, ಪಠ್ಯದಲ್ಲಿಲ್ಲ. ನಾನು ಹತ್ತನೇ ತರಗತಿಗೆ ಮಾತ್ರ, ಡಿಸೆಂಬರ್ ನಂತರ, ಒಂದು ಪೀರಿಯಡ್ ಇದನ್ನು ತೆಗೆದುಕೊಳ್ಳುತ್ತೇನೆ. ಹಿಂದಿನ ದಿನವೇ ಹೇಳುತ್ತೇನೆ: ನಾಳೆ ಕಷ್ಟದ ವಿಷಯ ಇದೆ, ಯಾರಿಗೆ ಬೇಡವೋ ಲೈಬ್ರರಿಯಲ್ಲಿ ಕೂರಬಹುದು, ಕಾರಣ ಕೇಳುವುದಿಲ್ಲ. ಫೋಟೊ ತೋರಿಸುವುದಿಲ್ಲ. ದಿನಾಂಕ, ಸಂಖ್ಯೆ, ತೀರ್ಪು, ಅಷ್ಟೇ. "ಏಳು ಜನ ಸತ್ತರು, ಯಾರಿಗೂ ಶಿಕ್ಷೆ ಆಗಲಿಲ್ಲ, ಸಾಕ್ಷಿ ಹೇಳುವವರಿಗೆ ಏನು ಕಷ್ಟ ಇರಬಹುದು?" ಎಂಬ ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಬೇಕು. ಒಬ್ಬ ದಲಿತ ಹುಡುಗನ ಮುಖ ನೋಡಿ "ನಿನಗೇನನ್ನಿಸುತ್ತಪ್ಪ" ಎಂದು ಕೇಳಿದಿರೋ, ಜೂನ್‌ನ ಕೂಗಿಗೆ ಮರಳಿದಿರಿ. ಆ ಪೀರಿಯಡ್ಡಾದ ಮೇಲೆ ಆಟದ ಪೀರಿಯಡ್ ಬರುವ ಹಾಗೆ ಟೈಮ್ ಟೇಬಲ್ ಹೊಂದಿಸಿಕೊಳ್ಳಿ.

ಬೈಗುಳದ ಬಗ್ಗೆ ಒಂದು ಮಾತು. ಜಾತಿ ಹೆಸರಿನ ಬೈಗುಳ ನಮ್ಮ ಮಕ್ಕಳ ಬಾಯಲ್ಲಿ ತಮಾಷೆಯಾಗಿ ಓಡಾಡುತ್ತದೆ. ಕೇಳಿಸಿದಾಗ ಆ ಪದವನ್ನು ನೀವು ತಿರುಗಿ ಉಚ್ಚರಿಸಬೇಡಿ. ಆಡಿದವನನ್ನು ಪಾಠವಾದ ಮೇಲೆ ಒಬ್ಬನೇ ಕರೆಯಿರಿ, ಅನ್ನಿಸಿಕೊಂಡವನನ್ನು ಬೇರೆ ಹೊತ್ತಿನಲ್ಲಿ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೈ ಕುಲುಕಿಸುವುದು ನಮ್ಮ ಸಮಾಧಾನಕ್ಕೆ ಹೊರತು ಅವರಿಗಲ್ಲ.

ದೂರು ಬರುತ್ತದೆ, ಸಿದ್ಧವಾಗಿರಿ. ಒಬ್ಬ ತಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ "ಮಕ್ಕಳ ತಲೇಲಿ ಜಾತಿ ತುಂಬ್ತಾ ಇದೀರಂತೆ" ಅಂದರು. ನಾನು ಸಮಾಜ ವಿಜ್ಞಾನದ ಪುಸ್ತಕ ತೆರೆದು ಸ್ತರವಿನ್ಯಾಸದ ಪುಟ ತೋರಿಸಿದೆ, ಪಾಠ ಯೋಜನೆಯ ಮೇಲಿದ್ದ ಮುಖ್ಯೋಪಾಧ್ಯಾಯರ ರುಜು ತೋರಿಸಿದೆ. ಹಗ್ಗವನ್ನು ಬಿಚ್ಚಿ ಅವರ ಮುಂದೆ ಹಾಸಿದೆ. ಅವರದ್ದು ಎರಡು ಎಕರೆ ಹಿಪ್ಪುನೇರಳೆ ತೋಟ. ಹುಳು ಮನೆಯ ಚೀಟಿ ನೋಡಿ "ಚಾಕಿಗೆ ಈಗ ಅಷ್ಟಕ್ಕೆಲ್ಲ ಬರಲ್ಲ ಮೇಡಂ, ರೇಟು ತಿದ್ದಿ" ಅಂದರು. ಒಪ್ಪಿದರೆಂದಲ್ಲ, ಅವತ್ತಿಗೆ ಮಾತು ಅಲ್ಲಿಗೆ ನಿಂತಿತು. ಅರಿಜೋನಾದಲ್ಲಿ ಇಂಥ ದೂರುಗಳು ದೊಡ್ಡದಾಗಿ, 2010ರಲ್ಲಿ ಇಂಥ ಪಾಠವನ್ನೇ ತಡೆಯುವ ಕಾನೂನಾಯಿತು. ಅದರ ಹಿಂದೆ ಜನಾಂಗದ್ವೇಷವಿತ್ತು ಎಂದು ನ್ಯಾಯಾಧೀಶರೊಬ್ಬರು ಹೇಳಲು 2017 ಬರಬೇಕಾಯಿತು. ಆದ್ದರಿಂದ ಎಲ್ಲವೂ ಬರಹದಲ್ಲಿರಲಿ, ಪಠ್ಯದ ಪುಟಸಂಖ್ಯೆ ಸಮೇತ.

ಅಂಕಗಳ ವಿಷಯ. ಎಫ್‌ಎಗೆ ಅಂಕ ಹಾಕುವಾಗ ಮಗು ತನ್ನ ಬಗ್ಗೆ ಎಷ್ಟು ಹೇಳಿಕೊಂಡಿತು ಎಂದು ನೋಡಬೇಡಿ. ಎಷ್ಟು ಜನರನ್ನು ಮಾತಾಡಿಸಿ ಬಂತು, ಯಾವ ಪ್ರಶ್ನೆ ಕೇಳಿತು ಎಂಬುದನ್ನು ನೋಡಿ. ಮಕ್ಕಳಿಗೆ ಒಂದು ಬೇರೆ ನೋಟ್‌ಬುಕ್ ಇರಲಿ, ಮಾರ್ಚ್‌ನಲ್ಲಿ ವಾಪಸ್ ಕೊಟ್ಟುಬಿಡಿ, ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ನಾನು ಮೊದಲ ದಿನವೇ ಹೇಳಿರುತ್ತೇನೆ, ನನಗೆ ತೋರಿಸಬಾರದ ಹಾಳೆಯನ್ನು ಅಂಟು ಹಾಕಿ ಅಂಟಿಸಿ ಕೊಡಬಹುದು ಎಂದು. ಹೋದ ವರ್ಷ ಮೂವತ್ತೆಂಟರಲ್ಲಿ ಹನ್ನೊಂದು ಪುಸ್ತಕದಲ್ಲಿ ಅಂಟಿಸಿದ ಹಾಳೆಗಳಿದ್ದವು. ಬೆಳಕಿಗೆ ಹಿಡಿದರೆ ಕಾಣುತ್ತದೆ, ಹಿಡಿಯಬೇಡಿ. ಆ ಹಾಳೆಗಳಿಗೂ ಅಂಕ ಹಾಕಿ.